ಹಳೆಯ ಕಾರಿಗೆ ಬೇರೆ ಸ್ಟೀರಿಂಗ್ ಚಕ್ರ: ಕೊಳ್ಳುವ ಮೊದಲು, ಬಿಚ್ಚುವ ಮೊದಲು

ಹಳೆಯ ಕಾರೊಂದನ್ನು ಓಡುವ ಸ್ಥಿತಿಗೆ ತಂದವರ ಗಮನ ಬಹುಬೇಗ ಹೋಗುವುದು ಅದರ ಸ್ಟೀರಿಂಗ್ ಚಕ್ರದ ಕಡೆಗೆ. ದಶಕಗಳ ಬಿಸಿಲಿಗೆ ಒಣಗಿದ ಗಟ್ಟಿ ರಬ್ಬರು ಅಥವಾ ಪ್ಲಾಸ್ಟಿಕ್ಕು ಕಡ್ಡಿಗಳು ಬಂದು ಸೇರುವ ಜಾಗದಲ್ಲೇ ಬಿರುಕು ಬಿಟ್ಟಿರುತ್ತದೆ, ಆ ಬಿರುಕಿನಲ್ಲಿ ತುಕ್ಕು ಹಿಡಿದ ಒಳಗಿನ ಉಕ್ಕಿನ ಬಳೆ ಕಾಣುತ್ತಿರುತ್ತದೆ. ಮೂಲ ಚಕ್ರ ಸಿಗುವುದು ಕಷ್ಟ. ಸಿಕ್ಕರೂ ಅದು ಅಷ್ಟೇ ಹಳೆಯದು. ಹೀಗಾಗಿ ಕಾರು ತಯಾರಿಸಿದ ಕಂಪನಿಯದಲ್ಲದ, ಬೇರೆ ತಯಾರಕರು ಮಾಡಿ ಮಾರುವ ಚರ್ಮದ ಅಥವಾ ಮರದ ಚಕ್ರವೊಂದನ್ನು ತಂದು ಹಾಕುವ ಯೋಚನೆ ಬರುವುದು ಸಹಜ. ಹೊರನೋಟಕ್ಕೆ ಇದು ಒಂದು ನಟ್ ಬಿಚ್ಚಿ ಇನ್ನೊಂದು ಬಿಗಿಯುವ ಕೆಲಸ. ಆದರೆ ಆ ಒಂದು ನಟ್ಟಿನ ಸುತ್ತ ಹಾರ್ನು, ಇಂಡಿಕೇಟರು, ಗಾಲಿಗಳ ನೇರ, ಅಪಘಾತದಲ್ಲಿ ಚಾಲಕನ ಎದೆ ಇವೆಲ್ಲವೂ ಹೆಣೆದುಕೊಂಡಿವೆ. ಹೆಚ್ಚಿನವರು ಮೊದಲು ಚಂದದ ಚಕ್ರವನ್ನು ಕೊಂಡು, ಅದು ತಮ್ಮ ಕಾರಿಗೆ ಕೂರುತ್ತದೆಯೇ ಎಂದು ಆಮೇಲೆ ನೋಡುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು: ಮೊದಲು ಕಾರಿನ ಶಾಫ್ಟ್, ನಂತರ ಅದಕ್ಕೆ ಹೊಂದುವ ಅಡಾಪ್ಟರ್, ಕೊನೆಗೆ ಚಕ್ರ.

ಚಕ್ರದ ಹಿಂದೆ ಏನಿದೆ

ಡ್ಯಾಶ್‌ಬೋರ್ಡಿನಿಂದ ಚಾಲಕನತ್ತ ಚಾಚಿಕೊಂಡಿರುವ ಕೊಳವೆಗೆ ಸ್ಟೀರಿಂಗ್ ಕಾಲಮ್ ಎನ್ನುತ್ತಾರೆ. ಅದರೊಳಗೆ ತಿರುಗುವ ಉಕ್ಕಿನ ದಂಡವೇ ಶಾಫ್ಟ್. ಶಾಫ್ಟಿನ ಕೆಳತುದಿ ಸ್ಟೀರಿಂಗ್ ಬಾಕ್ಸಿಗೆ ಸೇರಿದ್ದು, ಬಾಕ್ಸು ಆ ತಿರುಗಾಟವನ್ನು ಟೈ ರಾಡ್‌ಗಳ ಮೂಲಕ ಮುಂದಿನ ಗಾಲಿಗಳಿಗೆ ದಾಟಿಸುತ್ತದೆ. ಮೇಲ್ತುದಿಯ ಸುತ್ತ ಉದ್ದುದ್ದವಾಗಿ ಕೊರೆದ ಸಣ್ಣ ಹಲ್ಲುಗಳಿರುತ್ತವೆ. ಇವೇ ಸ್ಪ್ಲೈನ್‌ಗಳು. ಚಕ್ರದ ನಡುವಿನ ಲೋಹದ ಭಾಗವಾದ ಹಬ್‌ನ ಒಳಗೂ ಇದೇ ಅಳತೆಯ ಹಲ್ಲುಗಳಿದ್ದು ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಚಕ್ರ ತಿರುಗಿದಾಗ ಶಾಫ್ಟು ಜಾರದೆ ತಿರುಗುತ್ತದೆ. ಮೇಲಿನಿಂದ ಬಿಗಿಯುವ ದೊಡ್ಡ ನಟ್ಟಿನ ಕೆಲಸ ಹಬ್ಬನ್ನು ಕೆಳಕ್ಕೆ ಒತ್ತಿ ಹಿಡಿಯುವುದು. ತಿರುಗಿಸುವ ಭಾರವನ್ನು ಹೊರುವುದು ಹಲ್ಲುಗಳು. ಇನ್ನೂ ಹಳೆಯ ಕೆಲವು ಕಾರುಗಳಲ್ಲಿ, ಉದಾಹರಣೆಗೆ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ, ಹಲ್ಲುಗಳ ಬದಲು ಶಾಫ್ಟಿನಲ್ಲಿ ಕೊರೆದ ತೋಡಿನಲ್ಲಿ ಕೂರುವ ಪುಟ್ಟ ಉಕ್ಕಿನ ಬಿಲ್ಲೆಯೊಂದು ಈ ಕೆಲಸ ಮಾಡುತ್ತದೆ.

ಹಲ್ಲುಗಳ ಸಂಖ್ಯೆ, ಶಾಫ್ಟಿನ ದಪ್ಪ, ತುದಿಯ ಇಳಿಜಾರು ಇವು ಕಂಪನಿಯಿಂದ ಕಂಪನಿಗೆ ಮಾತ್ರವಲ್ಲ, ಒಂದೇ ಮಾದರಿಯಲ್ಲಿ ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ಹೊರಗಿನ ತಯಾರಕರು ಪ್ರತಿ ಕಾರಿಗೂ ಬೇರೆ ಬೇರೆ ಚಕ್ರ ಮಾಡಲಾರರು. ಅದಕ್ಕೇ ಹಬ್ ಅಡಾಪ್ಟರ್ ಎಂಬ ಮಧ್ಯದ ಭಾಗ ಹುಟ್ಟಿದ್ದು. ಇದರ ಕೆಳಮುಖದಲ್ಲಿ ನಿರ್ದಿಷ್ಟ ಕಾರಿನ ಸ್ಪ್ಲೈನಿಗೆ ಹೊಂದುವ ಹಲ್ಲುಗಳಿರುತ್ತವೆ, ಮೇಲ್ಮುಖದಲ್ಲಿ ನಿರ್ದಿಷ್ಟ ಬ್ರ್ಯಾಂಡಿನ ಚಕ್ರಕ್ಕೆ ಹೊಂದುವ ಸ್ಕ್ರೂ ತೂತುಗಳಿರುತ್ತವೆ. ಗ್ಯಾರೇಜುಗಳಲ್ಲಿ ಬಾಸ್ ಕಿಟ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ.

ನಾಲ್ಕು ಮಿಲಿಮೀಟರಿನ ತಕರಾರು

ಅಡಾಪ್ಟರಿನ ಮೇಲ್ಮುಖದ ತೂತುಗಳ ವಿಚಾರದಲ್ಲಿ ಜಗತ್ತಿಗೆಲ್ಲ ಒಂದೇ ಪದ್ಧತಿಯಿಲ್ಲ. ಇಟಲಿಯ ರೇಸ್ ಚಾಲಕ ಜಾನ್‌ಪಿಯೆರೊ ಮೊರೆಟ್ಟಿ 1964ರಲ್ಲಿ ಆರಂಭಿಸಿದ ಮೊಮೊ ಕಂಪನಿಯ ಚಕ್ರಗಳಲ್ಲಿ 70 ಮಿ.ಮೀ. ವ್ಯಾಸದ ವೃತ್ತದ ಮೇಲೆ 6 ತೂತುಗಳಿರುತ್ತವೆ. ಓಎಂಪಿ, ಸ್ಪಾರ್ಕೊ ಚಕ್ರಗಳಲ್ಲೂ ಸಾಮಾನ್ಯವಾಗಿ ಇದೇ ಅಳತೆ. ಮರದ ಚಕ್ರಗಳಿಗೆ ಹೆಸರಾದ ನಾರ್ಡಿ ಮತ್ತು ಪರ್ಸನಲ್ ಬ್ರ್ಯಾಂಡುಗಳಲ್ಲಿ ತೂತುಗಳು 6 ಆದರೂ ವೃತ್ತದ ವ್ಯಾಸ 74 ಮಿ.ಮೀ. ಇಂಗ್ಲೆಂಡಿನ ಮೋಟೊ-ಲೀಟಾ ಚಕ್ರಗಳಿಗೆ 9 ಬೋಲ್ಟುಗಳು.

70ಕ್ಕೂ 74ಕ್ಕೂ ವ್ಯತ್ಯಾಸ ವ್ಯಾಸದಲ್ಲಿ 4 ಮಿ.ಮೀ., ಅಂದರೆ ಪ್ರತಿ ತೂತೂ ತನ್ನ ಜಾಗದಿಂದ 2 ಮಿ.ಮೀ. ಸರಿದಿರುತ್ತದೆ. ಕಣ್ಣಿಗೆ ಇದು ಗೊತ್ತಾಗುವುದೇ ಇಲ್ಲ, ಸ್ಕ್ರೂ ಹಾಕಲು ಹೋದಾಗಷ್ಟೇ ತಿಳಿಯುತ್ತದೆ. ಆಗ ಕೆಲವರು ಅರ ಹಾಕಿ ತೂತುಗಳನ್ನು ಉದ್ದ ಮಾಡಿಬಿಡುತ್ತಾರೆ. ಇದು ಖಂಡಿತ ಮಾಡಬಾರದ ಕೆಲಸ. ಈ ಸ್ಕ್ರೂಗಳ ತಲೆ ಇಳಿಜಾರಾಗಿದ್ದು, ದುಂಡಗಿನ ತೂತಿನ ಬಾಯಿಗೆ ಸರಿಯಾಗಿ ಕೂತಾಗ ಮಾತ್ರ ಚಕ್ರವನ್ನು ನಡುವಿನಲ್ಲಿ ಹಿಡಿದಿಡುತ್ತದೆ. ಉದ್ದವಾದ ತೂತಿನಲ್ಲಿ ತಲೆಯ ಒಂದೆರಡು ಅಂಚುಗಳಷ್ಟೇ ತಾಗುತ್ತವೆ, ಚಕ್ರ ಪ್ರತಿ ತಿರುವಿನಲ್ಲೂ ಅಷ್ಟಿಷ್ಟು ಅಲುಗುತ್ತ ಸ್ಕ್ರೂ ಸಡಿಲವಾಗುತ್ತದೆ. ಎರಡೂ ಅಳತೆಯ ತೂತುಗಳಿರುವ ಅಡಾಪ್ಟರುಗಳು ಸಿಗುತ್ತವೆ, ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸುವ ತೆಳು ಪ್ಲೇಟುಗಳೂ ಇವೆ.

ಹೆಸರಾಂತ ಬ್ರ್ಯಾಂಡುಗಳ ನಕಲಿ ಚಕ್ರಗಳ ಬಗ್ಗೆಯೂ ಇಲ್ಲೇ ಒಂದು ಮಾತು. ಮುದ್ರೆ, ಹೊಲಿಗೆ ಎಲ್ಲ ಅಸಲಿಯಂತೆಯೇ ಇದ್ದರೂ ಒಳಗಿನ ಲೋಹ ತೆಳುವಾಗಿರಬಹುದು, ಕಡ್ಡಿ ಬಳೆಗೆ ಸೇರುವಲ್ಲಿ ಬೆಸುಗೆ ಅರೆಬರೆಯಾಗಿರಬಹುದು. ಬಳೆಯ ಎರಡು ಎದುರು ಬದಿಗಳನ್ನು ಹಿಡಿದು ಒಂದನ್ನು ತಳ್ಳಿ ಇನ್ನೊಂದನ್ನು ಎಳೆದಾಗ ಅದು ಎದ್ದು ಕಾಣುವಂತೆ ತಿರುಚಿಕೊಂಡರೆ, ಕಾರಿಗೆ ಹಾಕದಿರುವುದೇ ಲೇಸು.

ಚಕ್ರ ಚಿಕ್ಕದಾದರೆ ಕೈಗೆ ಏನಾಗುತ್ತದೆ

ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಕಾರುಗಳ ಚಕ್ರ ಅಷ್ಟು ದೊಡ್ಡದಾಗಿರುವುದಕ್ಕೆ ಕಾರಣವಿದೆ. ಬೀಸುಕಲ್ಲಿನ ಗೂಟ ಅಂಚಿನಲ್ಲಿದ್ದಾಗ ಕಲ್ಲು ಹಗುರಾಗಿ ತಿರುಗುತ್ತದೆ, ಅದನ್ನೇ ನಡುವಿಗೆ ಹತ್ತಿರ ನೆಟ್ಟರೆ ತೋಳು ಸೋಲುತ್ತದೆ. ಸ್ಟೀರಿಂಗ್ ಚಕ್ರದ ವ್ಯಾಸವೂ ಹೀಗೆಯೇ. ಆ ಕಾಲದ ಚಕ್ರಗಳ ವ್ಯಾಸ ಸಾಮಾನ್ಯವಾಗಿ 400ರಿಂದ 430 ಮಿ.ಮೀ., ಈಗ ಹೆಚ್ಚಾಗಿ ಮಾರಾಟವಾಗುವ ಸ್ಪೋರ್ಟ್ ಚಕ್ರಗಳದ್ದು 350 ಮಿ.ಮೀ. ನಿಂತ ಕಾರಿನಲ್ಲಿ 400 ಮಿ.ಮೀ. ಚಕ್ರವನ್ನು ತಿರುಗಿಸಲು ಕೈಗೆ 10 ಕಿಲೋ ಭಾರದಷ್ಟು ಬಲ ಬೇಕಾಗುತ್ತಿದ್ದರೆ, 350ರ ಚಕ್ರಕ್ಕೆ ಸುಮಾರು 11.4 ಕಿಲೋದಷ್ಟು ಬೇಕು. ಮೊದಲಿನದು 430 ಆಗಿದ್ದರೆ ಅದು ಸುಮಾರು 12.3 ಕಿಲೋದವರೆಗೆ ಏರುತ್ತದೆ. ಓಡುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ, ನಿಲ್ಲಿಸುವ ಜಾಗದಲ್ಲಿ ಹಿಂದೆ ಮುಂದೆ ಮಾಡುವಾಗ ಭುಜಕ್ಕೆ ತಿಳಿಯುತ್ತದೆ. ಮೊದಲಿಗಿಂತ ಅಗಲವಾದ ಟೈರುಗಳನ್ನು ಹಾಕಿದ ಕಾರಿನಲ್ಲಂತೂ ಎರಡೂ ಹೊರೆ ಕೂಡಿಕೊಳ್ಳುತ್ತವೆ.

ಚಿಕ್ಕ ಚಕ್ರ ಹಾಕಿದರೆ ಸ್ಟೀರಿಂಗ್ ಚುರುಕಾಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಚಕ್ರ ಎಷ್ಟು ಸುತ್ತು ತಿರುಗಿದರೆ ಗಾಲಿ ಎಷ್ಟು ಹೊರಳುತ್ತದೆ ಎಂಬುದನ್ನು ನಿರ್ಧರಿಸುವುದು ಸ್ಟೀರಿಂಗ್ ಬಾಕ್ಸು, ಅದು ಬದಲಾಗಿಲ್ಲ. ಬದಲಾಗುವುದು ಕೈ ಸಾಗುವ ದೂರ: 400 ಮಿ.ಮೀ. ಚಕ್ರದಲ್ಲಿ ಒಂದು ಸುತ್ತಿಗೆ ಕೈ ಸುಮಾರು 126 ಸೆಂ.ಮೀ. ಸಾಗಿದರೆ, 350ರಲ್ಲಿ 110 ಸೆಂ.ಮೀ. ಸಾಗುತ್ತದೆ.

ಇದರಿಂದ ಹುಟ್ಟುವ ಒಂದು ಮೋಸವನ್ನು ಹೇಳಲೇಬೇಕು. ಗಾಲಿ ಅಲುಗದೆ ಚಕ್ರ ಮಾತ್ರ ಅತ್ತಿತ್ತ ಆಡುವ ಸಡಿಲವನ್ನು ಮೆಕ್ಯಾನಿಕ್‌ಗಳು ಪ್ಲೇ ಎನ್ನುತ್ತಾರೆ, ಅದನ್ನು ಬಳೆಯ ಮೇಲೆ ಅಳೆಯುತ್ತಾರೆ. ದೊಡ್ಡ ಚಕ್ರದಲ್ಲಿ 30 ಮಿ.ಮೀ. ಇದ್ದ ಪ್ಲೇ 350ರ ಚಕ್ರದಲ್ಲಿ 26 ಮಿ.ಮೀ. ಆಗಿ ತೋರುತ್ತದೆ. ಸವೆದ ಬಾಕ್ಸೂ ಸವೆದ ಬಾಲ್ ಜಾಯಿಂಟೂ ಇದ್ದಂತೆಯೇ ಇರುತ್ತವೆ, ಆದರೂ ಕಾರು ಸುಧಾರಿಸಿದಂತೆ ಅನ್ನಿಸುತ್ತದೆ. ಆದ್ದರಿಂದ ಹಳೆಯ ಚಕ್ರ ಕಾರಿನಲ್ಲಿರುವಾಗಲೇ ಪ್ಲೇ ಪರೀಕ್ಷಿಸಿ, ಹೆಚ್ಚಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಚಕ್ರದ ಆಳವೂ ಲೆಕ್ಕಕ್ಕೆ ಬರುತ್ತದೆ. ಬಳೆ ಮತ್ತು ಹಬ್ ಒಂದೇ ಸಮದಲ್ಲಿರುವ ಚಪ್ಪಟೆ ಚಕ್ರಗಳಿವೆ, ಬಳೆ ಚಾಲಕನತ್ತ 90 ಮಿ.ಮೀ.ವರೆಗೂ ಚಾಚಿಕೊಂಡಿರುವ ತಟ್ಟೆಯಾಕಾರದ ಚಕ್ರಗಳೂ ಇವೆ. ಅಡಾಪ್ಟರಿನ ಎತ್ತರ ಇದಕ್ಕೆ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಬೆನ್ನನ್ನು ಸೀಟಿಗೆ ಒರಗಿಸಿ ಕೈ ಚಾಚಿದಾಗ ಮಣಿಕಟ್ಟು ಬಳೆಯ ಮೇಲ್ತುದಿಯ ಮೇಲೆ ಕೂರಬೇಕು. ಬೆರಳ ತುದಿಯಷ್ಟೇ ತಾಗಿದರೆ ಚಕ್ರ ದೂರವಾಯಿತು, ಮುಂಗೈ ತಾಗಿದರೆ ಹತ್ತಿರವಾಯಿತು. ರಟ್ಟಿನಲ್ಲಿ ಹೊಸ ಚಕ್ರದ ಅಳತೆಯ ಉಂಗುರವೊಂದನ್ನು ಕತ್ತರಿಸಿ ಹಳೆಯ ಚಕ್ರದ ಮುಂದೆ ಹಿಡಿದು ನೋಡಿದರೆ, ವೇಗದ ಮೀಟರು, ಎಣ್ಣೆಯ ಒತ್ತಡದ ದೀಪ ಅದರ ಹಿಂದೆ ಮರೆಯಾಗುತ್ತವೆಯೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಡಿಕ್ಕಿಯಾದಾಗ

1960ರ ದಶಕದ ನಡುಭಾಗದವರೆಗೆ ತಯಾರಾದ ಬಹುತೇಕ ಕಾರುಗಳಲ್ಲಿ ಕಾಲಮ್ ಒಂದೇ ಗಟ್ಟಿ ದಂಡವಾಗಿತ್ತು. ಮುಂಭಾಗ ಜಜ್ಜಿದರೆ ಸ್ಟೀರಿಂಗ್ ಬಾಕ್ಸು ಹಿಂದಕ್ಕೆ ಸರಿದು, ಆ ದಂಡ ಚಾಲಕನ ಎದೆಗೆ ನೇರವಾಗಿ ನುಗ್ಗುತ್ತಿತ್ತು. ಜನರಲ್ ಮೋಟಾರ್ಸ್ ತನ್ನ 1967ರ ಮಾದರಿಗಳಲ್ಲಿ ಒತ್ತಡಕ್ಕೆ ಕುಗ್ಗುವ ಕಾಲಮನ್ನು ಅಳವಡಿಸಿತು. 1968ರ ಜನವರಿ 1ರಿಂದ ಜಾರಿಗೆ ಬಂದ ಅಮೆರಿಕದ ಸುರಕ್ಷತಾ ಮಾನದಂಡವು, ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಯಲ್ಲಿ ಕಾಲಮ್ ಚಾಲಕನತ್ತ 127 ಮಿ.ಮೀ.ಗಿಂತ ಹೆಚ್ಚು ಸರಿಯಬಾರದೆಂದು ವಿಧಿಸಿತು.

ಕಾರು ಯಾವ ಕಾಲದ್ದು ಎಂಬುದರ ಮೇಲೆ ಚಕ್ರದ ಆಯ್ಕೆಯೂ ನಿಲ್ಲುತ್ತದೆ. ಗಟ್ಟಿ ಕಾಲಮ್ಮಿನ ಕಾರಿಗೆ ತುಂಬಾ ಚಾಚಿಕೊಂಡ ಚಕ್ರವನ್ನು ಹಾಕುವುದೆಂದರೆ ಅಪಾಯವನ್ನು ಎದೆಗೆ ಇನ್ನಷ್ಟು ಹತ್ತಿರ ತಂದುಕೊಂಡಂತೆ. ಕುಗ್ಗುವ ಕಾಲಮ್ ಇರುವ ಕೆಲವು ಕಾರುಗಳಲ್ಲಿ ಮೂಲ ಚಕ್ರದ ಹಬ್ ಕೂಡ ಜಾಲರಿಯಂತೆ ಮುದುಡುವ ಹಾಗೆ ರಚನೆಯಾಗಿರುತ್ತದೆ. ಅದರ ಜಾಗಕ್ಕೆ ಗಟ್ಟಿ ಅಲ್ಯೂಮಿನಿಯಮ್ ಅಡಾಪ್ಟರ್ ಬಂದರೆ ಆ ರಕ್ಷಣೆಯ ಒಂದು ಪಾಲು ಹೋಗುತ್ತದೆ. ಇಂಥ ಕಾರುಗಳಿಗೆ ಮುದುಡುವ ಅಡಾಪ್ಟರುಗಳೂ ದೊರೆಯುತ್ತವೆ, ಅವನ್ನೇ ಹುಡುಕಬೇಕು. ಮರದ ಚಕ್ರವಾದರೆ ಬಳೆಯೊಳಗೆ ಸುತ್ತಲೂ ಲೋಹದ ಪಟ್ಟಿ ಇದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಮುರಿದ ಮರ ಸಿಬಿರಾಗುತ್ತದೆ. ಚಕ್ರದಲ್ಲಿ ಏರ್‌ಬ್ಯಾಗ್ ಇರುವಷ್ಟು ಈಚಿನ ಕಾರಾಗಿದ್ದರೆ ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬಾರದು, ಬದಲಿಸುವ ಯೋಚನೆಯನ್ನೂ ಬಿಡುವುದು ಒಳಿತು.

ನೋಂದಣಿ ಮತ್ತು ವಿಮೆಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಚಕ್ರ ಮತ್ತು ಅಡಾಪ್ಟರ್ ಆ ಕಾರಿಗೆ ಹೊಂದುತ್ತವೆ ಎಂಬ ಅನುಮೋದನೆ ಪತ್ರವಿರಬೇಕು. ಎಲ್ಲೇ ಆದರೂ ಕೊಳ್ಳುವ ಮೊದಲು ವಿಚಾರಿಸುವುದು ಕ್ಷೇಮ.

ಹಳೆಯದನ್ನು ಬಿಚ್ಚುವುದು

ಗಾಲಿಗಳನ್ನು ನೇರವಾಗಿಟ್ಟು, ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಹೋಗುವ ತಂತಿಯನ್ನು ಮೊದಲು ಕಳಚಬೇಕು. ಹಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರಿರುವುದು ಪಾಸಿಟಿವ್ ತುದಿಯಾದ್ದರಿಂದ ಇಲ್ಲಿ ತಂತಿಯ ಬಣ್ಣ ನೋಡಿ ನಿರ್ಧರಿಸುವಂತಿಲ್ಲ. ನಡುವಿನ ಹಾರ್ನ್ ಗುಂಡಿ ಕೆಲವು ಕಾರುಗಳಲ್ಲಿ ಒತ್ತಿ ತಿರುಗಿಸಿದರೆ ಬರುತ್ತದೆ, ಕೆಲವದರಲ್ಲಿ ಕಡ್ಡಿಗಳ ಹಿಂಬದಿಯಿಂದ ಸ್ಕ್ರೂ ತೆಗೆಯಬೇಕು. 1950ರ ದಶಕದ ಕೆಲವು ಬ್ರಿಟಿಷ್ ಕಾರುಗಳಲ್ಲಿ ಇಂಡಿಕೇಟರಿನ ಸ್ವಿಚ್ಚೂ ಚಕ್ರದ ನಡುವಿನಲ್ಲೇ ಇದ್ದು, ಅದರ ತಂತಿಗಳು ಶಾಫ್ಟಿನೊಳಗಿನ ತೆಳು ಕೊಳವೆಯ ಮೂಲಕ ಕೆಳಗಿಳಿಯುತ್ತವೆ. ಇವನ್ನು ಬಲವಂತವಾಗಿ ಎಳೆದರೆ ತಂತಿ ತುಂಡಾಗುತ್ತದೆ.

ಗುಂಡಿ ಬಂದ ಮೇಲೆ ದೊಡ್ಡ ನಟ್ಟು ಕಾಣುತ್ತದೆ. ಅದಕ್ಕೆ ಪಾನಾ ಹಾಕುವ ಮೊದಲು ಶಾಫ್ಟಿನ ತುದಿ ಮತ್ತು ಹಬ್ಬಿನ ಮೇಲೆ ಒಂದೇ ನೇರದಲ್ಲಿ ಬಣ್ಣದ ಗೆರೆಯೊಂದನ್ನು ಎಳೆಯಬೇಕು. ನಟ್ ಸಡಿಲಿಸುವಾಗ ಒಬ್ಬರು ಚಕ್ರವನ್ನು ಕೈಯಿಂದ ಹಿಡಿದಿರಬೇಕೇ ವಿನಾ ಸ್ಟೀರಿಂಗ್ ಲಾಕಿನ ಮೇಲೆ ಭಾರ ಬಿಡಬಾರದು. ನಟ್ಟನ್ನು ಪೂರ್ತಿ ತೆಗೆಯದೆ, ಅದರ ಮುಖ ಶಾಫ್ಟಿನ ತುದಿಗೆ ಸಮನಾಗುವವರೆಗೆ ಬಿಟ್ಟು ನಿಲ್ಲಿಸಬೇಕು. ಹತ್ತಾರು ವರ್ಷ ಕಚ್ಚಿಕೊಂಡಿದ್ದ ಹಬ್ ಬಿಡುವಾಗ ಒಮ್ಮೆಲೇ ಬಿಡುತ್ತದೆ, ಆ ನಟ್ ಇಲ್ಲದಿದ್ದರೆ ಎಳೆಯುತ್ತಿದ್ದವರ ಮೂಗಿಗೆ ಪೆಟ್ಟು.

ಅಲುಗಾಡಿಸಿದರೂ ಬಾರದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಲ್ಲುಗಳ ಸಂದಿಗೆ ಬಿಟ್ಟು ಒಂದು ರಾತ್ರಿ ಕಾಯಬೇಕು, ನಂತರ ಹಬ್ಬನ್ನು ಎಳೆದು ತೆಗೆಯುವ ಉಪಕರಣವಾದ ಸ್ಟೀರಿಂಗ್ ಪುಲ್ಲರ್ ಬಳಸಬೇಕು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯುವ ರೂಢಿ ಎಲ್ಲೆಡೆ ಇದೆ, ಎಲ್ಲೆಡೆಯೂ ಅದು ತಪ್ಪೇ. ಪೆಟ್ಟಿಗೆ ಥ್ರೆಡ್ ಮತ್ತು ಬೇರಿಂಗ್ ಹಾಳಾಗುತ್ತವೆ. ಕುಗ್ಗುವ ಕಾಲಮ್ಮಿನಲ್ಲಿ ಶಾಫ್ಟಿನ ಎರಡು ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಪಿನ್ನುಗಳು ಮುರಿದು, ಡಿಕ್ಕಿಯಲ್ಲಿ ಕುಗ್ಗಬೇಕಾದದ್ದು ಅಂದೇ ಕುಗ್ಗಿಬಿಡಬಹುದು.

ಹಾರ್ನು ಏಕೆ ಮೌನವಾಗುತ್ತದೆ

ಚಕ್ರ ಬದಲಿಸಿದ ಮೇಲೆ ಹೆಚ್ಚು ಕೇಳಿಬರುವ ದೂರು ಹಾರ್ನಿನದು. ಬಹುತೇಕ ಹಳೆಯ ಕಾರುಗಳಲ್ಲಿ ವಿದ್ಯುತ್ತು ಹಾರ್ನಿನ ರಿಲೇವರೆಗೆ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್ಚು) ಸದಾ ಬಂದು ನಿಂತಿರುತ್ತದೆ. ಗುಂಡಿ ಒತ್ತಿದಾಗ ಅದಕ್ಕೆ ಬಾಡಿಯ ಕಡೆಗೆ ದಾರಿ ತೆರೆದು ಮಂಡಲ ಪೂರ್ಣಗೊಳ್ಳುತ್ತದೆ. ತಿರುಗುವ ಚಕ್ರಕ್ಕೆ ತಂತಿ ಕಟ್ಟಿದರೆ ಸುತ್ತಿಕೊಳ್ಳುವುದರಿಂದ, ಹಬ್ಬಿನ ಹಿಂಬದಿಯಲ್ಲಿ ತಾಮ್ರದ ಅಥವಾ ಹಿತ್ತಾಳೆಯ ಉಂಗುರವೊಂದಿದ್ದು, ಕಾಲಮ್ಮಿನಿಂದ ಮೇಲೆದ್ದ ಸ್ಪ್ರಿಂಗಿನ ಕಡ್ಡಿಯೊಂದು ಅದನ್ನು ಸವರುತ್ತಿರುತ್ತದೆ. ಗುಂಡಿಯ ಒಂದು ತುದಿ ಈ ಉಂಗುರಕ್ಕೆ, ಇನ್ನೊಂದು ತುದಿ ಹಬ್, ಶಾಫ್ಟ್ ಮೂಲಕ ಬಾಡಿಗೆ.

ಹೊಸ ಅಡಾಪ್ಟರಿನಲ್ಲಿ ಈ ದಾರಿ ಎರಡು ಕಡೆ ಕಡಿಯುತ್ತದೆ. ಒಂದು, ಅಡಾಪ್ಟರಿನ ಮೇಲಿನ ಕಪ್ಪು ಬಣ್ಣ ಅಥವಾ ಅಲ್ಯೂಮಿನಿಯಮ್ಮಿಗೆ ಕೊಟ್ಟ ಆನೊಡೈಸ್ ಲೇಪ ವಿದ್ಯುತ್ತನ್ನು ಬಿಡುವುದಿಲ್ಲ. ಗುಂಡಿಯ ಬಾಡಿ ತಂತಿಯ ಕೊಂಡಿ ಕೂರುವ ಸ್ಕ್ರೂ ಬುಡದಲ್ಲಿ ಉಗುರಿನಷ್ಟು ಜಾಗವನ್ನು ಉಪ್ಪುಕಾಗದದಿಂದ ತಿಕ್ಕಿ ಬೆಳ್ಳಗಿನ ಲೋಹ ಕಾಣುವಂತೆ ಮಾಡಿದರೆ ಸಾಕು, ಎಷ್ಟೋ ಸಲ ಹಾರ್ನು ಅಲ್ಲಿಗೇ ಸರಿಹೋಗುತ್ತದೆ. ಎರಡು, ಶಾಫ್ಟು ಮತ್ತು ಬಾಕ್ಸಿನ ನಡುವೆ ರಬ್ಬರಿನ ಜೋಡಣೆಯಿರುವ ಕಾರುಗಳಲ್ಲಿ ಶಾಫ್ಟಿಗೆ ಬಾಡಿಯ ಸಂಪರ್ಕವೇ ಇರುವುದಿಲ್ಲ. ಆ ರಬ್ಬರನ್ನು ದಾಟಿಸುವ ಸಣ್ಣ ತಂತಿಯೊಂದು ಇರಬೇಕು, ಹಳೆಯ ಕಾರುಗಳಲ್ಲಿ ಅದು ಎಂದೋ ಕಡಿದುಹೋಗಿರುತ್ತದೆ. ರಿಲೇ ಇಲ್ಲದ ಇನ್ನೂ ಹಳೆಯ ಕಾರುಗಳಲ್ಲಿ ಹಾರ್ನಿನ ಪೂರ್ತಿ ವಿದ್ಯುತ್ತು ಗುಂಡಿಯ ಮೂಲಕವೇ ಹರಿಯುತ್ತದೆ, ಹೊಸ ಗುಂಡಿಯ ನಾಜೂಕಿನ ಸಂಪರ್ಕಗಳು ಅದನ್ನು ಬಹುಕಾಲ ತಾಳುವುದಿಲ್ಲ. ಅಲ್ಲಿ ಒಂದು ರಿಲೇ ಸೇರಿಸುವುದು ಸೂಕ್ತ.

ಇಂಡಿಕೇಟರು ತಿರುವಿನ ನಂತರ ತಾನಾಗಿ ಆರುವುದಕ್ಕೂ ಹಬ್ಬೇ ಕಾರಣ. ಅದರ ಹಿಂಬದಿಯ ಚಿಕ್ಕ ಮೊಳೆಯಂಥ ಚಾಚು, ಚಕ್ರ ಮರಳುವಾಗ ಸ್ವಿಚ್ಚಿನ ಕೊಕ್ಕೆಯನ್ನು ತಟ್ಟಿ ಬಿಡಿಸುತ್ತದೆ. ಅಡಾಪ್ಟರಿನಲ್ಲಿ ಆ ಚಾಚು ಹಳೆಯ ಜಾಗದಲ್ಲೇ ಬರದಿದ್ದರೆ ಇಂಡಿಕೇಟರು ಒಂದು ಬದಿಗೆ ಬೇಗ, ಇನ್ನೊಂದು ಬದಿಗೆ ತಡವಾಗಿ ಆರುತ್ತದೆ ಅಥವಾ ಆರುವುದೇ ಇಲ್ಲ.

ಕೂರಿಸುವುದು, ನೇರ ಮಾಡುವುದು

ಹಲ್ಲುಗಳನ್ನು ತಂತಿ ಬ್ರಷ್ಷಿನಿಂದ ಶುಚಿಗೊಳಿಸಿ ಅಡಾಪ್ಟರನ್ನು ಕೈಯಿಂದಲೇ ಇಳಿಸಬೇಕು. ಅದು ಸರಾಗವಾಗಿ ಇಳಿಯದಿದ್ದರೆ ಅಳತೆ ತಪ್ಪಿದೆ ಎಂದರ್ಥ, ನಟ್ ಬಿಗಿದು ಎಳೆಯಲು ಹೋಗಬಾರದು. ಕಾಲಮ್ಮಿನ ಮುಚ್ಚಳಕ್ಕೂ ಅಡಾಪ್ಟರಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಉಳಿದಿರಬೇಕು. ನಟ್ಟಿನ ಬಿಗಿತವನ್ನು ಟಾರ್ಕ್ ಪಾನಾದಿಂದಲೇ ಅಳೆಯಬೇಕು. ಹಲವು ಹಳೆಯ ಕಾರುಗಳಲ್ಲಿ ಅದು 40ರಿಂದ 60 ನ್ಯೂಟನ್ ಮೀಟರ್ ಆಸುಪಾಸಿನಲ್ಲಿದ್ದರೂ, ಆಯಾ ಕಾರಿನ ಕೈಪಿಡಿಯ ಸಂಖ್ಯೆಯೇ ಅಂತಿಮ. ಚಕ್ರದ ಸಣ್ಣ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಅಲ್ಯೂಮಿನಿಯಮ್ಮಿನ ಥ್ರೆಡ್ಡು ಬಲಪ್ರದರ್ಶನವನ್ನು ಸಹಿಸುವುದಿಲ್ಲ.

ಗಾಲಿ ನೇರವಿದ್ದರೂ ಚಕ್ರ ಸೊಟ್ಟಗಿದ್ದರೆ ಏನು ಮಾಡಬೇಕೆಂಬುದು ಹಲ್ಲುಗಳ ಲೆಕ್ಕಕ್ಕೆ ಸೇರಿದ್ದು. 36 ಹಲ್ಲುಗಳ ಶಾಫ್ಟಿನಲ್ಲಿ ಒಂದು ಹಲ್ಲು ದಾಟಿಸಿದರೆ ಚಕ್ರ 10 ಡಿಗ್ರಿ ಹೊರಳುತ್ತದೆ. ಆದ್ದರಿಂದ 5 ಡಿಗ್ರಿಗಿಂತ ಕಡಿಮೆಯ ಓರೆಯನ್ನು ಹಲ್ಲು ದಾಟಿಸಿ ತೆಗೆಯಲಾಗುವುದಿಲ್ಲ, ಅಲೈನ್‌ಮೆಂಟ್ ಮಾಡುವಲ್ಲಿ ಎರಡೂ ಬದಿಯ ಟೈ ರಾಡ್‌ಗಳನ್ನು ಸಮವಾಗಿ ಹೊಂದಿಸಿಯೇ ಸರಿಪಡಿಸಬೇಕು. ದೊಡ್ಡ ಓರೆ ಕಂಡರೂ ತಕ್ಷಣ ಹಲ್ಲು ದಾಟಿಸುವ ಮೊದಲು ಬಾಕ್ಸಿನ ನಡುವನ್ನು ಹುಡುಕಬೇಕು: ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿದರೆ ಅದೇ ನಡು. ಹಳೆಯ ಮಾದರಿಯ ಬಾಕ್ಸುಗಳ ಹಲ್ಲುಗಳು ಈ ಜಾಗದಲ್ಲಿ ಹೆಚ್ಚು ಬಿಗಿಯಾಗಿ ಕೂಡಿಕೊಳ್ಳುವಂತೆ ರಚನೆಯಾಗಿರುತ್ತವೆ. ಕಾರು ನೇರ ಓಡುವಾಗ ಬಾಕ್ಸು ನಡುವಿನಲ್ಲಿ ಇಲ್ಲದಿದ್ದರೆ ಚಕ್ರ ಎಷ್ಟು ನೇರವಾಗಿ ಕಂಡರೂ ಸ್ಟೀರಿಂಗ್ ತೇಲಿದಂತಿರುತ್ತದೆ.

ರಸ್ತೆಗೆ ಇಳಿಸುವ ಮೊದಲು ನಿಂತಲ್ಲೇ ಎರಡೂ ಕೊನೆಗಳವರೆಗೆ ತಿರುಗಿಸಿ, ಬಳೆ ತೊಡೆಗೆ ಅಥವಾ ಇಂಡಿಕೇಟರಿನ ಕಡ್ಡಿಗೆ ತಾಗುತ್ತದೆಯೇ ನೋಡಬೇಕು. ಹಾರ್ನನ್ನು ನೇರದಲ್ಲಷ್ಟೇ ಅಲ್ಲ, ತಿರುವಿನ ಹಲವು ಕೋನಗಳಲ್ಲಿ ಒತ್ತಿ ಪರೀಕ್ಷಿಸಬೇಕು. ಯಾವುದೋ ಒಂದು ಕೋನದಲ್ಲಿ ಮಾತ್ರ ಅದು ತಾನಾಗಿಯೇ ಕೂಗಿದರೆ ಹಿಂಬದಿಯ ತಂತಿ ಅಲ್ಲಿ ಲೋಹಕ್ಕೆ ತಾಗುತ್ತಿದೆ. ಬಳೆಯನ್ನು ಎದೆಯತ್ತ ಎಳೆದು, ತಳ್ಳಿ, ಮೇಲೆ ಕೆಳಗೆ ಅಲುಗಿಸಿದಾಗ ಎಲ್ಲೂ ಟಕ್ಕೆನ್ನಬಾರದು. ಮೊದಲ ಕೆಲವು ದಿನಗಳ ಓಡಾಟದ ನಂತರ ಹಾರ್ನ್ ಗುಂಡಿಯನ್ನು ಮತ್ತೆ ತೆಗೆದು, ನಟ್ಟಿಗೂ ಸ್ಕ್ರೂಗಳಿಗೂ ಇನ್ನೊಮ್ಮೆ ಟಾರ್ಕ್ ಪಾನಾ ಹಾಕಿ ನೋಡಬೇಕು.

ಬಿಚ್ಚಿದ ಚಕ್ರವನ್ನು ಎಸೆಯಬಾರದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಐತಿಹಾಸಿಕ ವಾಹನವೆಂದು ಗುರುತಿಸುವುದು ಕನಿಷ್ಠ 30 ವರ್ಷ ಹಳೆಯದಾದ, ತನ್ನ ಕಾಲದ ರೂಪವನ್ನು ಉಳಿಸಿಕೊಂಡ ವಾಹನವನ್ನು. ಬಿರುಕು ಬಿಟ್ಟ ಬಳೆಗೆ ಎಪಾಕ್ಸಿ ತುಂಬಿ, ಉಜ್ಜಿ, ಬಣ್ಣ ಕೊಟ್ಟು ಮರಳಿ ಹಾಕಲು ಸಾಧ್ಯವಿದೆ. ಅದರ ನಟ್, ವಾಷರ್, ಹಾರ್ನ್ ಗುಂಡಿ, ಸ್ಪ್ರಿಂಗುಗಳನ್ನು ಒಂದೇ ಚೀಲದಲ್ಲಿ ಹಾಕಿ ಚಕ್ರಕ್ಕೇ ಕಟ್ಟಿ, ಬಿಸಿಲು ತಾಗದ ಜಾಗದಲ್ಲಿ ಮಲಗಿಸಿ ಇಟ್ಟರೆ ಸಾಕು. ಹೊಸ ಅಡಾಪ್ಟರ್ ಶಾಫ್ಟನ್ನು ಕೊರೆಯದೆ, ಅರ ಹಾಕದೆ ಕೂರುವಂಥದ್ದಾಗಿದ್ದರೆ ಯಾವಾಗ ಬೇಕಾದರೂ ಅದನ್ನು ತೆಗೆದು ಮೂಲ ಚಕ್ರವನ್ನು ಬಣ್ಣದ ಗೆರೆಯ ನೇರಕ್ಕೆ ಕೂರಿಸಬಹುದು.